ಶಿಕಾರಿಪುರದಿಂದ ಸೊರಬಕ್ಕೆ 78 ಸೆಕೆಂಡು

ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, 2018ರ ಜುಲೈ ತಿಂಗಳಲ್ಲಿ ಪುರಾತತ್ವ ಇಲಾಖೆಯವರು ಒಂದು ಪಾಳುಬಾವಿಯ ಹೂಳು ತೆಗೆಸಿದರು. ಮಣ್ಣಿಗೆ ಮದ್ದಿನ ವಾಸನೆ ಇತ್ತಂತೆ. ಅಗೆದಷ್ಟೂ ಕಬ್ಬಿಣದ ಕೊಳವೆಗಳು ಸಿಗುತ್ತ ಹೋದವು, ಒಟ್ಟು ಸಾವಿರಕ್ಕೂ ಹೆಚ್ಚು. ಎಲ್ಲವೂ ಟಿಪ್ಪು ಕಾಲದ ಯುದ್ಧದ ರಾಕೆಟ್ಟುಗಳು. ಜಗತ್ತಿನಲ್ಲಿ ಉಳಿದಿರುವ ಮೈಸೂರು ರಾಕೆಟ್ಟುಗಳು ಬೆರಳೆಣಿಕೆಯಷ್ಟು ಎಂದೇ ತಿಳಿದವರು ಬಹುಕಾಲ ಹೇಳುತ್ತಿದ್ದರು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಅದಕ್ಕೆ ತನ್ನ ಹೆಸರಿಟ್ಟು ಹೈದರನಗರ ಮಾಡಿಕೊಂಡ ಮೇಲೆ ಅಲ್ಲಿ ಟಂಕಸಾಲೆ ಇತ್ತು, ಮದ್ದುಗುಂಡಿನ ಉಗ್ರಾಣ ಇತ್ತು. ಆ ಉಗ್ರಾಣದ ಸರಕನ್ನು ಯಾವುದೋ ಅವಸರದಲ್ಲಿ ಯಾರೋ ಬಾವಿಗೆ ಸುರಿದು ಮುಚ್ಚಿರಬೇಕು.

ಈಚೆಗೆ ಶಿವಮೊಗ್ಗದ ವಸ್ತುಸಂಗ್ರಹಾಲಯದಲ್ಲಿ ಅವುಗಳನ್ನು ನೋಡಿದೆ. ಇಷ್ಟೇ ಇಷ್ಟು, ಮೊಳಕ್ಕಿಂತ ಗಿಡ್ಡ. ತುಕ್ಕು ಹಿಡಿದು ಕೆಂಪಾದ ಕೊಳವೆ, ಒಂದು ತುದಿ ಮುಚ್ಚಿದ್ದು, ಇನ್ನೊಂದು ತುದಿಯಲ್ಲಿ ಬೆಂಕಿ ಹೊರಬರಲು ಕಿರಿದಾದ ಬಾಯಿ. ಇದಕ್ಕೆ ಉದ್ದನೆಯ ಬಿದಿರಿನ ಕೋಲು ಕಟ್ಟಿ ಬತ್ತಿ ಹಚ್ಚಿದರೆ ಒಂದೂವರೆ, ಎರಡು ಕಿಲೋಮೀಟರ್ ಹಾರುತ್ತಿತ್ತು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಬ್ರಿಟಿಷ್ ಕರ್ನಲ್ ಬೇಲಿಯ ಪಡೆ ಸೋತದ್ದು ಮದ್ದಿನ ಬಂಡಿಗಳಿಗೆ ಇಂಥ ರಾಕೆಟ್ಟಿನ ಬೆಂಕಿ ತಾಗಿದ್ದರಿಂದ ಎನ್ನುತ್ತಾರೆ. ಜೊತೆಗಿದ್ದವರು ಟಿಪ್ಪುವಿನ ಬಗ್ಗೆ, ಅಬ್ದುಲ್ ಕಲಾಂ ಅಮೆರಿಕದ ವಾಲಪ್ಸ್‌ನಲ್ಲಿ ಕಂಡ, ಟಿಪ್ಪು ಸೈನ್ಯದ ರಾಕೆಟ್ಟುಗಳ ವರ್ಣಚಿತ್ರದ ಬಗ್ಗೆ ಮಾತಾಡುತ್ತಿದ್ದರು. ನನ್ನ ಕಿವಿ ಅಲ್ಲಿರಲಿಲ್ಲ. ನನಗೆ ಒಂದು ಲೈನ್ ಪ್ರಿಂಟರಿನ ಸದ್ದು ಕೇಳಿಸುತ್ತಿತ್ತು. ಮಡಚಿ ಮಡಚಿ ಬೀಳುವ ಅಗಲ ಕಾಗದ, ಅದರ ಮೇಲೆ ಸಾಲು ಸಾಲು ಅಂಕಿ: ಕಾಲ, ದೂರ, ಎತ್ತರ, ವೇಗ. ಹೊರಟ ಊರು ಶಿಕಾರಿಪುರ. ಬೀಳುವ ಊರು ಸೊರಬ.

ಶಿಕಾರಿಪುರ ನನ್ನ ಊರು, ಸೊರಬ ಅಮ್ಮನ ತವರು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಬೇಸಿಗೆ ರಜೆ ಬಂತೆಂದರೆ ಟ್ರಂಕು ಹೊತ್ತು ಬಸ್ ನಿಲ್ದಾಣಕ್ಕೆ ಹೋಗಿ ಕಾಯುವುದು, ಖಾಸಗಿ ಬಸ್ಸು ಬಂದರೆ ಕಿಟಕಿಯಿಂದ ಟವೆಲು ಹಾಕಿ ಸೀಟು ಹಿಡಿಯುವುದು. ದಾರಿ ಶಿರಾಳಕೊಪ್ಪದ ಮೇಲೆ. ಅಲ್ಲಿ ಡ್ರೈವರ್ ಚಹಾ ಕುಡಿಯಲು ಇಳಿದರೆ ಮತ್ತೆ ಹತ್ತುವುದು ಅವರ ಮರ್ಜಿ. ಅಮ್ಮ ಕಡಲೆಕಾಯಿ ಪೊಟ್ಟಣ ಕೊಡಿಸುತ್ತಿದ್ದಳು. ಬಳ್ಳಿಗಾವಿಯ ದೇವಸ್ಥಾನ, ತಾಳಗುಂದದ ಕಂಬ ಎಲ್ಲ ಅಲ್ಲೇ ಆಚೀಚೆ. ಇತಿಹಾಸದ ಪಾಠದಲ್ಲಿ ಬರುವ ಮಯೂರಶರ್ಮ ಆ ಕಂಬದ ಶಾಸನದಲ್ಲಿದ್ದಾನೆ. ವೇದ ಓದಲೆಂದು ಗುರು ವೀರಶರ್ಮನ ಜೊತೆ ಕಂಚಿಯ ಘಟಿಕಾಸ್ಥಾನಕ್ಕೆ ಹೋದ ಹುಡುಗ, ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗಿ, ಅವಮಾನ ತಾಳದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದವನು. ಚಿಕ್ಕವಳಿದ್ದಾಗ ನನಗದು ನಮ್ಮೂರ ಕಡೆಯ ಹುಡುಗ ರಾಜನಾದ ಕತೆ, ಅಷ್ಟೆ. ಓದಲು ಹೋದವನು ಆಯುಧಕ್ಕೆ ಬಂದ ದಾರಿ ನನ್ನ ಮನಸ್ಸನ್ನು ಕೊರೆಯತೊಡಗಿದ್ದು ಬಹಳ ವರ್ಷಗಳ ಮೇಲೆ.

ಶಿರಾಳಕೊಪ್ಪ ದಾಟಿದರೆ ಗದ್ದೆ, ಕೆರೆ ಏರಿ, ಮತ್ತೆ ಗದ್ದೆ. ಕೆರೆ ಏರಿಯ ಬುಡದಲ್ಲಿ, ಹೊಲದ ಬದುವಿನಲ್ಲಿ, ಹಾಳುಗುಡಿಯ ಪಕ್ಕದಲ್ಲಿ ವೀರಗಲ್ಲುಗಳು. ಈ ಎರಡು ತಾಲ್ಲೂಕಿನಷ್ಟು ವೀರಗಲ್ಲು ನಾನು ಬೇರೆಲ್ಲೂ ಕಂಡಿಲ್ಲ. ಬಿ.ಎಲ್. ರೈಸ್ 1902 ಮತ್ತು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಏಳು, ಎಂಟನೇ ಸಂಪುಟಗಳನ್ನು ತೆರೆದರೆ ಶಿಕಾರಿಪುರ, ಸೊರಬ ತಾಲ್ಲೂಕುಗಳ ಶಾಸನಗಳೇ ಪುಟಗಟ್ಟಲೆ ಬರುತ್ತವೆ. ದನಗಳನ್ನು ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತವನು ಒಬ್ಬ, ಊರಿಗೆ ದಾಳಿ ಬಂದಾಗ ಬಿದ್ದವನು ಇನ್ನೊಬ್ಬ. ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗ. ಅನೇಕ ಕಲ್ಲುಗಳಲ್ಲಿ ಅವನ ಹೆಸರು, ಅವನ ಅಪ್ಪನ ಹೆಸರು, ಊರು. ಅಜ್ಜಿಮನೆಯ ಗದ್ದೆಗೆ ಹೋಗುವ ದಾರಿಯಲ್ಲೂ ಒಂದು ಕಲ್ಲಿತ್ತು. ಸೋದರಮಾವ ಅದಕ್ಕೆ ಒರಗಿ ನಿಂತು ಬೀಡಿ ಸೇದುತ್ತಿದ್ದರು.

ಶಾಲೆಯ ಗಣಿತದ ಮೇಷ್ಟ್ರು ಒಬ್ಬರಿದ್ದರು. ಮಾತು ಕಡಿಮೆ, ಸದಾ ಬಿಳಿ ಪಂಚೆ. ಎಸೆದ ಕಲ್ಲಿನ ಪಾಠ ಬಂದಾಗ ಪುಸ್ತಕ ಮುಚ್ಚಿಸಿ ನಮ್ಮನ್ನು ಸುಗ್ಗಿ ಮುಗಿದ ಗದ್ದೆ ಬಯಲಿಗೆ ಕರೆದುಕೊಂಡು ಹೋದರು. ಹಕ್ಕಿ ಹೊಡೆಯುವ ಕವಣೆಯಲ್ಲಿ ಪಳಗಿದ ಹುಡುಗನೊಬ್ಬ ನಮ್ಮ ತರಗತಿಯಲ್ಲಿದ್ದ. ಅವನ ಕೈಯಲ್ಲಿ ಕಲ್ಲು ಬೀಸಿಸಿದರು. ತಗ್ಗಾಗಿ ಬೀಸು, ಇನ್ನೂ ಮೇಲಕ್ಕೆ ಬೀಸು, ಇನ್ನೂ ಮೇಲಕ್ಕೆ. ಬಿದ್ದಲ್ಲಿಗೆ ನಾವು ಹೆಜ್ಜೆ ಎಣಿಸುತ್ತ ಹೋಗಿ ಗೂಟ ನೆಡಬೇಕು. ನಲವತ್ತೈದು ಡಿಗ್ರಿಗೆ ಅತಿ ದೂರ ಎಂದು ಪುಸ್ತಕದಲ್ಲಿತ್ತು. ನಮ್ಮ ಗೂಟಗಳು ಅದಕ್ಕಿಂತ ಸ್ವಲ್ಪ ತಗ್ಗಿನ ಬೀಸಿಗೇ ಹೆಚ್ಚು ದೂರ ತೋರಿಸಿದವು. "ಗಾಳಿ ಅಡ್ಡ ಬರುತ್ತೆ. ಪುಸ್ತಕದಲ್ಲಿ ಗಾಳಿ ಇಲ್ಲ," ಅಂದರು ಮೇಷ್ಟ್ರು. ಪ್ರತಿಸಲವೂ ಕಲ್ಲು ಬೀಸುವ ಮೊದಲು ಒಬ್ಬನನ್ನು ಬಯಲಿನ ಆ ತುದಿಗೆ ಓಡಿಸುತ್ತಿದ್ದರು. "ಆಚೆ ಬದೀಲಿ ಯಾರಾದ್ರೂ ಇದಾರಾ ನೋಡ್ಕಂಡು ಬಾ." ಅವನು ಬದುವಿನ ಮೇಲೆ ಹತ್ತಿ ಆಚೆ ಬಗ್ಗಿ ನೋಡಿ "ಯಾರೂ ಇಲ್ಲ ಸಾ!" ಎಂದು ಕೂಗಿದ ಮೇಲೇ ಕವಣೆ ತಿರುಗುವುದು. ಒಂದು ಸಲ ಬದುವಿನಾಚೆ ದನ ಕಾಯುವ ಮುದುಕಿ ಕುಳಿತಿದ್ದಳು. ಅವಳು ಎದ್ದು ದನ ಹೊಡೆದುಕೊಂಡು ಹೋಗುವವರೆಗೆ ಪಾಠ ನಿಂತಿತ್ತು. ನಾವು ಬಿಸಿಲಿಗೆ ಗೊಣಗುತ್ತ ಕೂತೆವು.

ಶಿವಮೊಗ್ಗ, ಮೈಸೂರುಗಳಲ್ಲಿ ಓದು ಮುಗಿಸಿ 1980ರ ದಶಕದ ಆರಂಭದಲ್ಲಿ ನಾನು ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಸೇರಿದೆ. ರಾಕೆಟ್ಟುಗಳ ಪಥವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ತಂಡ ನಮ್ಮದು. ಎಂಬತ್ತು ಕಾಲಮ್ಮಿನ ಪಂಚ್ ಕಾರ್ಡು, ಒಂದು ಕಾರ್ಡಿಗೆ ಫೋರ್ಟ್ರಾನಿನ ಒಂದು ಸಾಲು. ಕಟ್ಟು ಕಟ್ಟಿ, ರಬ್ಬರ್ ಬ್ಯಾಂಡ್ ಹಾಕಿ ಕಿಟಕಿಯಲ್ಲಿ ಕೊಟ್ಟರೆ ಮರುದಿನ ಫಲಿತಾಂಶ. ಎಲ್ಲೋ ಒಂದು ಅಲ್ಪವಿರಾಮ ತಪ್ಪಿದ್ದರೆ ಒಂದು ದಿನ ಹೋಯಿತು. ಯಾವ ರಾಕೆಟ್ಟು, ಎಲ್ಲಿಂದ, ಎಲ್ಲಿಗೆ ಎಂದು ನಮ್ಮಂಥ ಕಿರಿಯರಿಗೆ ಹೇಳುತ್ತಿರಲಿಲ್ಲ. ತೂಕ, ಒತ್ತುಬಲ, ಉರಿಯುವ ಕಾಲ, ಇಷ್ಟು ಅಂಕಿ ಒಂದು ಹಾಳೆಯಲ್ಲಿ ಬರುತ್ತಿತ್ತು. ಅದು ಹವಾಮಾನ ಅಳೆಯುವ ರಾಕೆಟ್ಟೋ ಬೇರೆಯದೋ, ಸಮೀಕರಣಕ್ಕೆ ಎರಡೂ ಒಂದೇ.

ಈ ಲೆಕ್ಕದ ಒಳಗು ತಿಳಿಯದವರಿಗಾಗಿ ಸ್ವಲ್ಪ ಹೇಳಬೇಕು. ಕ್ಷಿಪಣಿಯ ಹಾರಾಟದಲ್ಲಿ ಇಂಜಿನ್ನು ಉರಿಯುವುದು ಮೊದಲ ಸ್ವಲ್ಪ ಹೊತ್ತು ಮಾತ್ರ. ಅದು ಆರಿದ ಮೇಲೆ ಉಳಿದ ದಾರಿಯುದ್ದಕ್ಕೂ ಕ್ಷಿಪಣಿ ಎಸೆದ ಕಲ್ಲೇ. ಭೂಮಿಯ ಸೆಳೆತ, ಗಾಳಿಯ ತಡೆ ಬಿಟ್ಟರೆ ಬೇರೆ ಒಡೆಯನಿಲ್ಲ. ಬ್ಯಾಲಿಸ್ಟಿಕ್ ಎಂದು ಕರೆಯುವುದು ಇದನ್ನೇ. ಇಂಜಿನ್ನು ಆರಿದ ಕ್ಷಣದ ಜಾಗ, ವೇಗ, ದಿಕ್ಕು ಗೊತ್ತಿದ್ದರೆ ಬೀಳುವ ಜಾಗವೂ ಹೆಚ್ಚುಕಡಿಮೆ ಗೊತ್ತು. ಕಂಪ್ಯೂಟರು ಆ ಪಥವನ್ನು ಒಮ್ಮೆಗೇ ಬಿಡಿಸುವುದಿಲ್ಲ. ಕಾಲವನ್ನು ಸಣ್ಣ ಸಣ್ಣ ತುಣುಕು ಮಾಡುತ್ತದೆ, ನಮ್ಮದು ಸೆಕೆಂಡಿನ ಹತ್ತನೇ ಒಂದು ಭಾಗ. ಈ ತುಣುಕಿನಲ್ಲಿ ಬಲ ಎಷ್ಟು, ಅದರಿಂದ ವೇಗ ಎಷ್ಟು ಬದಲಾಯಿತು, ಆ ವೇಗದಿಂದ ಜಾಗ ಎಷ್ಟು ಸರಿಯಿತು. ಮತ್ತೆ ಮುಂದಿನ ತುಣುಕು. ರುಂಗೆ ಮತ್ತು ಕುಟ್ಟಾ ಎಂಬ ಇಬ್ಬರು ಜರ್ಮನರ ವಿಧಾನದಲ್ಲಿ ಪ್ರತಿ ಹೆಜ್ಜೆಗೂ ಬಲವನ್ನು ನಾಲ್ಕು ಸಲ ಅಳೆದು ಸರಾಸರಿ ತೆಗೆಯುತ್ತಾರೆ. ಕೈಯಲ್ಲಿ ಮಾಡಿದರೆ ಬೆರಳು ಸವೆಯುವ ಕೆಲಸ.

ಹೊಸ ಪ್ರೋಗ್ರಾಮು ಬರೆದಾಗ ಅದು ಸರಿಯಿದೆಯೇ ಎಂದು ಪರೀಕ್ಷಿಸಬೇಕು. ಅದಕ್ಕೆ ಉತ್ತರ ಮೊದಲೇ ಗೊತ್ತಿರುವ ಒಂದು ಸರಳ ಲೆಕ್ಕ ಬೇಕು. ನಿಜವಾದ ಉಡಾವಣೆಯ ಜಾಗಗಳನ್ನು ಬಳಸುವಂತಿಲ್ಲ. ನಾನು ರೈಸ್‌ನ ಮೈಸೂರು ಗೆಜೆಟಿಯರ್ ತೆಗೆದೆ. ಅಪ್ಪನ ಕಚೇರಿಯ ಬೀರುವಿನಲ್ಲಿ ಆ ಪುಸ್ತಕ ಇದ್ದದ್ದು ನೆನಪಿತ್ತು, ಪ್ರತಿ ಊರಿಗೂ ಅಕ್ಷಾಂಶ ರೇಖಾಂಶ ಕೊಟ್ಟಿರುತ್ತಾರೆ ಎಂಬುದೂ. ಶಿಕಾರಿಪುರ ಸುಮಾರು 14 ಡಿಗ್ರಿ 16 ನಿಮಿಷ ಉತ್ತರ, ಸೊರಬ 14 ಡಿಗ್ರಿ 23 ನಿಮಿಷ. ಪೂರ್ವ ಪಶ್ಚಿಮದಲ್ಲಿ ಕಾಲು ಡಿಗ್ರಿ ಅಂತರ. ಹಕ್ಕಿ ಹಾರಿದಂತೆ ಅಳೆದರೆ ಸುಮಾರು 30 ಕಿಲೋಮೀಟರ್.

ಮೊದಲು ಗಾಳಿಯಿಲ್ಲದ ಲೆಕ್ಕ. ನಲವತ್ತೈದು ಡಿಗ್ರಿ ಕೋನದಲ್ಲಿ ಸೆಕೆಂಡಿಗೆ ಸುಮಾರು 542 ಮೀಟರ್ ವೇಗ ಕೊಟ್ಟರೆ ಕಲ್ಲು ಏಳೂವರೆ ಕಿಲೋಮೀಟರ್ ಎತ್ತರಕ್ಕೇರಿ ಸೊರಬದಲ್ಲಿ ಇಳಿಯುತ್ತದೆ. ಹಿಡಿಯುವ ಕಾಲ 78 ಸೆಕೆಂಡು. ಕಾಗದದ ಮೇಲೆ ಆ ಅಂಕಿ ಕಂಡಾಗ ನನಗಾದ ಸಂತೋಷ ಇವತ್ತಿಗೂ ಮಾಸಿಲ್ಲ. ಡ್ರೈವರು ಚಹಾ ಕುಡಿಯುವ ಹೊತ್ತೂ ಇಲ್ಲ! ಆಮೇಲೆ ಒಂದೊಂದೇ ಸೇರಿಸುತ್ತ ಹೋದೆ. ಭೂಮಿ ಗುಂಡಗಿದೆ, ಮೂವತ್ತು ಕಿಲೋಮೀಟರಿಗೆ ನೆಲ ಸುಮಾರು 70 ಮೀಟರ್ ಕೆಳಗೆ ಬಾಗಿರುತ್ತದೆ. ಭೂಮಿ ತಿರುಗುತ್ತದೆ, ನಮ್ಮ ಅಕ್ಷಾಂಶದಲ್ಲಿ ಗಂಟೆಗೆ 1,600 ಕಿಲೋಮೀಟರಿಗೂ ಮೇಲೆ. ಪಶ್ಚಿಮಕ್ಕೆ ಎಸೆದ ಕಲ್ಲು ಅದರಿಂದಾಗಿ ನೂರು ಮೀಟರಿಗೂ ಹೆಚ್ಚು ಕದಲಿ, ತುಸು ಮೊದಲೇ, ತುಸು ಉತ್ತರಕ್ಕೆ ಬೀಳುತ್ತದೆ. ಕೊನೆಗೆ ಗಾಳಿ ಸೇರಿಸಿದೆ. ಸೊರಬಕ್ಕೆ ಹೋಗಬೇಕಿದ್ದ ಕಲ್ಲು ಶಿರಾಳಕೊಪ್ಪವನ್ನೂ ಮುಟ್ಟದೆ ಎಲ್ಲೋ ಗದ್ದೆಯಲ್ಲಿ ಬಿತ್ತು. ಮೇಷ್ಟ್ರ ಗಾಳಿ! ಆ ದಿನ ಅವರಿಗೆ ಕಾಗದ ಬರೆಯಬೇಕೆಂದುಕೊಂಡೆ. ಬರೆಯಲಿಲ್ಲ; ಕೆಲಸದ ಬಗ್ಗೆ ಹೊರಗೆ ಬರೆಯುವ ಹಾಗಿರಲಿಲ್ಲ.

ತಂಡದ ಹಿರಿಯರೊಬ್ಬರು ನನ್ನ ಕಾರ್ಡುಗಳನ್ನು ನೋಡಿ ಒಂದು ಸಾಲಿನ ಮೇಲೆ ಪೆನ್ಸಿಲ್ ಇಟ್ಟಿದ್ದರು. ಎತ್ತರ ಸೊನ್ನೆಯಾದರೆ ನಿಲ್ಲು ಎಂಬ ಸಾಲು. ಅದಿಲ್ಲದಿದ್ದರೆ ಪ್ರೋಗ್ರಾಮಿಗೆ ನೆಲ ಎಂಬುದೇ ಗೊತ್ತಾಗುವುದಿಲ್ಲ, ಕಲ್ಲು ಭೂಮಿಯೊಳಕ್ಕೆ ಇಳಿದು ಹಾರುತ್ತಲೇ ಇರುತ್ತದೆ, ಅಂಕಿಗಳು ಬರುತ್ತಲೇ ಇರುತ್ತವೆ. ಹಾಗಾಗಿ ನೆಲವನ್ನು ನಾವೇ ಹೇಳಿಕೊಡಬೇಕು. ಕೊನೆಯ ಹೆಜ್ಜೆ ನೆಲವನ್ನು ದಾಟಿಬಿಟ್ಟಿದ್ದರೆ ಹಿಂದೆ ಬಂದು, ಹೆಜ್ಜೆಯನ್ನು ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ, ಸರಿಯಾಗಿ ಸೊನ್ನೆಯ ಮೇಲೆ ನಿಲ್ಲಿಸಬೇಕು. ಆ ಭಾಗವನ್ನು ನಾನು ಬಹಳ ಅಚ್ಚುಕಟ್ಟಾಗಿ ಬರೆದಿದ್ದೆ. ಮೀಟರಿನ ಭಿನ್ನರಾಶಿಯವರೆಗೆ ನಿಖರ. ಅಲ್ಲಿಗೆ ಕಾಲ, ದೂರ, ವೇಗ ಮೂರನ್ನೂ ಅಚ್ಚು ಹಾಕಿ ಪ್ರೋಗ್ರಾಮು ಮುಗಿಯುತ್ತಿತ್ತು. ಸೊರಬ ನನಗೆ ಎರಡು ಅಂಕಿಯಾಗಿತ್ತು.

ಈ ಲೆಕ್ಕದ ಹಿಂದೆ ಎಷ್ಟು ಉದ್ದದ ಚರಿತ್ರೆ ಇದೆ ಎಂಬುದನ್ನು ಆಗ ನಮಗೆ ಯಾರೂ ಹೇಳಿರಲಿಲ್ಲ. ಹಾರುವ ಗುಂಡಿಗೆ ಗಾಳಿಯ ತಡೆ ಎಷ್ಟೆಂದು ಮೊದಲು ಅಳೆದು 1742ರಲ್ಲಿ ಪುಸ್ತಕ ಬರೆದ ಬೆಂಜಮಿನ್ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಇಂಜಿನಿಯರಾಗಿ ಬಂದು 1751ರಲ್ಲಿ ತೀರಿಕೊಂಡದ್ದು ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ ಅಲ್ಲಿನ ರಾಕೆಟ್ಟುಗಳು ಇಂಗ್ಲೆಂಡಿನ ವುಲಿಚ್‌ಗೆ ಹೋದವು. ವಿಲಿಯಂ ಕಾಂಗ್ರೀವ್ ಅದೇ ಬಗೆಯಲ್ಲಿ ತನ್ನ ರಾಕೆಟ್ಟು ಮಾಡಿದ. ಅದೇ ವುಲಿಚ್‌ನ ಸೈನಿಕ ಶಾಲೆಯಲ್ಲಿ ಗಣಿತ ಹೇಳುತ್ತಿದ್ದ ವಿಲಿಯಂ ಮೂರ್ 1813ರಲ್ಲಿ ರಾಕೆಟ್ಟುಗಳ ಚಲನೆಯ ಮೇಲೆ ಒಂದು ಗ್ರಂಥವನ್ನೇ ಬರೆದ. ಉರಿಯುತ್ತ ಉರಿಯುತ್ತ ತೂಕ ಕಳೆದುಕೊಳ್ಳುವ ವಸ್ತುವಿನ ವೇಗವನ್ನು ಲೆಕ್ಕ ಹಾಕುವುದು ಅದರಲ್ಲಿದೆ. ನಾನು ಕಾರ್ಡಿನಲ್ಲಿ ಬಡಿಯುತ್ತಿದ್ದ ಮೊದಲ ಸಮೀಕರಣದ ಹಿರಿಯ ಅದು. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳ ಮೇಲೆ ಬರೆದ ಪ್ರಬಂಧ ಓದಿದಾಗ ನನಗೆ ಈ ಕೊಂಡಿ ಗೊತ್ತಾಯಿತು. ನಮ್ಮ ಜಿಲ್ಲೆಯ ಬಾವಿಯಲ್ಲಿ ಅಂಥ ಕೊಳವೆಗಳು ಸಾವಿರದ ಲೆಕ್ಕದಲ್ಲಿ ಹೂತಿವೆ ಎಂದು ಆಗ ಯಾರಿಗೂ ತಿಳಿದಿರಲಿಲ್ಲ.

ಮೊದಲ ಕಂಪ್ಯೂಟರುಗಳಲ್ಲೊಂದು ಹುಟ್ಟಿದ್ದೂ ಈ ಲೆಕ್ಕಕ್ಕಾಗಿಯೇ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಫಿರಂಗಿ ಗುಂಡು ಎಲ್ಲಿ ಬೀಳುತ್ತದೆಂಬ ಕೋಷ್ಟಕಗಳು ಬೇಕಿದ್ದವು. ಗಣಿತ ಓದಿದ ಹುಡುಗಿಯರನ್ನು ಸಾಲಾಗಿ ಕೂರಿಸಿ ಕೈಯಂತ್ರದಲ್ಲಿ ಲೆಕ್ಕ ಹಾಕಿಸಿದರು. ಒಂದು ಪಥಕ್ಕೆ ಒಬ್ಬಳಿಗೆ ಗಂಟೆಗಟ್ಟಲೆ ಬೇಕು. 1946ರಲ್ಲಿ ಜಗತ್ತಿಗೆ ತೋರಿಸಿದ ಎನಿಯಾಕ್ ಯಂತ್ರ ಅದನ್ನು ಅರ್ಧ ನಿಮಿಷದಲ್ಲಿ ಮುಗಿಸಿತು. ಅದಕ್ಕೆ ಪ್ರೋಗ್ರಾಮು ಹೆಣೆದವರು ಆರು ಜನ ಹೆಂಗಸರು. ಜೀನ್ ಜೆನ್ನಿಂಗ್ಸ್, ಕ್ಯಾಥ್ಲೀನ್ ಮೆಕ್‌ನಲ್ಟಿ, ಬೆಟ್ಟಿ ಸ್ನೈಡರ್ ಮೊದಲಾದ ಅವರ ಹೆಸರು ದಶಕಗಳ ಕಾಲ ಯಾರ ಬಾಯಲ್ಲೂ ಬರಲಿಲ್ಲ. ನಮ್ಮ ತಂಡದಲ್ಲೂ ಹೆಂಗಸರೇ ಹೆಚ್ಚು. ಮಧ್ಯಾಹ್ನ ಡಬ್ಬಿ ಬಿಚ್ಚಿ ಉಪ್ಪಿನಕಾಯಿ ಹಂಚಿಕೊಳ್ಳುತ್ತ ವಾಯುಸಾಂದ್ರತೆಯ ಕೋಷ್ಟಕದ ಬಗ್ಗೆ ವಾದ ಮಾಡುತ್ತಿದ್ದೆವು. ಆ ಗೆಳೆತನದ ಬಗ್ಗೆ ನನಗೆ ಇಂದಿಗೂ ಅಭಿಮಾನವಿದೆ.

ಅಭಿಮಾನ ಕೆಲಸದ ಬಗ್ಗೆಯೂ ಇತ್ತು. 1987ರಲ್ಲಿ ಶ್ರೀಮಂತ ದೇಶಗಳು ಸೇರಿ ಕ್ಷಿಪಣಿ ತಂತ್ರಜ್ಞಾನ ಹೊರಗೆ ಹೋಗದಂತೆ ಕಟ್ಟು ಮಾಡಿಕೊಂಡವು. ದೊಡ್ಡ ಕಂಪ್ಯೂಟರು ಕೊಳ್ಳಲು ಹೋದರೆ ನೂರೆಂಟು ಷರತ್ತು. ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿಯವರು 1986ರಲ್ಲೇ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರನ್ನು ತಾವೇ ಕಟ್ಟಿದ್ದರು. 1988ರ ಫೆಬ್ರವರಿ 25ರಂದು ಶ್ರೀಹರಿಕೋಟಾದಿಂದ ಪೃಥ್ವಿ ಕ್ಷಿಪಣಿ ಹಾರಿತು, ಮರುವರ್ಷ ಮೇ 22ರಂದು ಚಾಂದೀಪುರದಿಂದ ಅಗ್ನಿ. ಪೃಥ್ವಿ ಹಾರಿದ ದಿನ ನಮ್ಮ ಕೋಣೆಯಲ್ಲಿ ಯಾರೋ ಮೈಸೂರ್ ಪಾಕ್ ತಂದು ಹಂಚಿದರು. ಆ ಪಥದಲ್ಲಿ ನಮ್ಮ ಕೈಯ ಒಂದು ಅಂಕಿಯಾದರೂ ಇತ್ತೇ ಎಂದು ನಮಗೆ ತಿಳಿಯದು. ಆದರೂ ಕಣ್ಣು ತುಂಬಿ ಬಂದಿತ್ತು. ಆ ಕಣ್ಣೀರನ್ನು ನಾನಿವತ್ತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ದೇಶ ತನ್ನನ್ನು ಕಾಯ್ದುಕೊಳ್ಳುವ ಶಕ್ತಿಯನ್ನು ಬೇರೆಯವರ ಬಾಗಿಲಲ್ಲಿ ನಿಂತು ಬೇಡಬಾರದು ಎಂದು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ.

ನನ್ನನ್ನು ಅಲುಗಾಡಿಸಿದ್ದು 1991. ಅದೂ ಫೆಬ್ರವರಿ 25, ಪೃಥ್ವಿ ಹಾರಿ ಸರಿಯಾಗಿ ಮೂರು ವರ್ಷ. ಕೊಲ್ಲಿ ಯುದ್ಧದಲ್ಲಿ ಇರಾಕಿನ ಸ್ಕಡ್ ಕ್ಷಿಪಣಿಯೊಂದು ಸೌದಿಯ ದಹರಾನಿನಲ್ಲಿ ಅಮೆರಿಕದ ಸೈನಿಕರು ಮಲಗುವ ಕಟ್ಟಡದ ಮೇಲೆ ಬಿತ್ತು. ಇಪ್ಪತ್ತೆಂಟು ಜನ ಸತ್ತರು. ಅದನ್ನು ತಡೆಯಬೇಕಿದ್ದ ಪೇಟ್ರಿಯಟ್ ವ್ಯವಸ್ಥೆ ಗುರಿಯನ್ನೇ ಹಿಡಿಯಲಿಲ್ಲ. ಕಾರಣ ಆಮೇಲೆ ಹೊರಬಂತು. ಅದರ ಕಂಪ್ಯೂಟರು ಕಾಲವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಎಣಿಸುತ್ತಿತ್ತು. ಸೊನ್ನೆ ಒಂದರ ಲೆಕ್ಕದಲ್ಲಿ ಹತ್ತನೇ ಒಂದನ್ನು ಪೂರ್ತಿ ಬರೆಯಲು ಆಗುವುದಿಲ್ಲ, ಎಲ್ಲೋ ಒಂದೆಡೆ ಕತ್ತರಿಸಬೇಕು. ಕತ್ತರಿಸಿದ ಚೂರು ಅತಿ ಸಣ್ಣದು. ಆದರೆ ಯಂತ್ರ ನಿಲ್ಲದೆ ನೂರು ಗಂಟೆ ಓಡಿತ್ತು. ಚೂರು ಸೇರಿ ಸೇರಿ ಸೆಕೆಂಡಿನ ಮೂರನೇ ಒಂದು ಭಾಗವಾಗಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ.

ಹತ್ತನೇ ಒಂದು ನಮ್ಮ ಹೆಜ್ಜೆಯೂ ಹೌದು. ಅದರ ಗುಣ ನಮಗೆಲ್ಲ ಗೊತ್ತಿತ್ತು; ಹೆಜ್ಜೆ ಕೂಡಿಸುತ್ತ ಹೋದರೆ ಕೊನೆಯ ಅಂಕಿಗಳು ಅದುರುತ್ತವೆ, ಅದಕ್ಕೆ ಹೆಜ್ಜೆಗಳನ್ನು ಪೂರ್ಣಾಂಕದಲ್ಲಿ ಎಣಿಸಿ ಕೊನೆಗೆ ಗುಣಿಸಿ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದೆವು. ವರದಿ ಓದಿದ ದಿನ ಕೋಣೆಯಲ್ಲಿ ಎಲ್ಲರೂ ಆ ಚೂರಿನ ಬಗ್ಗೆಯೇ ಮಾತಾಡಿದರು. ನಾನೂ ಆಡಿದೆ. ರಾತ್ರಿ ಮಲಗಿದಾಗ ಮನಸ್ಸು ಇನ್ನೊಂದು ಕಡೆಗೆ ಹೋಯಿತು. ಕ್ಷಿಪಣಿಯ ದೃಷ್ಟಿಯಿಂದ ಆ ಹಾರಾಟದಲ್ಲಿ ತಪ್ಪೇನೂ ಆಗಿರಲಿಲ್ಲ. ಎತ್ತರ ಸೊನ್ನೆಯಾಯಿತು, ಲೆಕ್ಕ ನಿಂತಿತು.

ನಮ್ಮ ವಿದ್ಯೆಯಲ್ಲಿ ನಿಖರತೆಗೆ ಒಂದು ಅಳತೆ ಇದೆ. ಗುರಿಯ ಸುತ್ತ ಒಂದು ವೃತ್ತ ಎಳೆಯುತ್ತಾರೆ, ಎಸೆದವುಗಳಲ್ಲಿ ಅರ್ಧದಷ್ಟು ಅದರೊಳಗೆ ಬೀಳುವ ಹಾಗೆ. ವೃತ್ತ ಚಿಕ್ಕದಾದಷ್ಟೂ ಹೆಗ್ಗಳಿಕೆ. ಆ ವೃತ್ತವನ್ನು ಕಿರಿದು ಮಾಡಲು ಸಾವಿರ ಸಲ ಎಸೆದು ನೋಡುವ ಪ್ರೋಗ್ರಾಮು ಬರೆಯುತ್ತಿದ್ದೆವು. ಪ್ರತಿಸಲವೂ ಗಾಳಿ ಸ್ವಲ್ಪ ಬೇರೆ, ಉರಿಯುವ ಕಾಲ ಸ್ವಲ್ಪ ಬೇರೆ. ಅರ್ಧ ಒಳಗೆ ಎಂದರೆ ಇನ್ನರ್ಧ ಹೊರಗೆ ಎಂದೇ ಅರ್ಥ. ಆ ಹೊರಗಿನ ಅರ್ಧದ ಬಗ್ಗೆ ನಮ್ಮ ಯಾವ ವರದಿಯಲ್ಲೂ ಒಂದು ವಾಕ್ಯ ಇದ್ದ ನೆನಪಿಲ್ಲ. ಮೂವತ್ತು ಕಿಲೋಮೀಟರಿಗೆ ನೂರಕ್ಕೆ ಒಂದರಷ್ಟು ತಪ್ಪಿದರೂ ಮುನ್ನೂರು ಮೀಟರ್ ಆಯಿತು. ಸೊರಬದಂಥ ಊರಿನಲ್ಲಿ ಮುನ್ನೂರು ಮೀಟರಿನಲ್ಲಿ ಬಸ್ ನಿಲ್ದಾಣ ಇರುತ್ತದೆ, ಶಾಲೆ ಇರುತ್ತದೆ, ದಂಡಾವತಿಯ ಕಡೆಗೆ ಇಳಿಯುವ ದಾರಿ, ಗಂಧದ ಕೊರಡಿನಲ್ಲಿ ದೇವರ ಮೂಗು ತಿದ್ದುತ್ತ ಕೂತ ಗುಡಿಗಾರರು, ನನ್ನ ಅಜ್ಜಿಮನೆಯ ಜಗಲಿ.

ಕಂಬದ ಮೇಲಿನ ಮಯೂರಶರ್ಮ ನೆನಪಾದದ್ದು ಆಗ. ಅವನಿಗೆ ಯಾರ ಮೇಲೆ ಸಿಟ್ಟೆಂದು ಗೊತ್ತಿತ್ತು, ಎದುರಿಗಿದ್ದವನ ಮುಖ ಕಾಣುತ್ತಿತ್ತು. ವೀರಗಲ್ಲು ನೆಟ್ಟವರಿಗೆ ಬಿದ್ದವನ ಹೆಸರು ಗೊತ್ತಿತ್ತು. ಹಾಗೆಂದು ಹಳೆಯ ಕಾಲವನ್ನು ನಾನು ಹೊಗಳುತ್ತಿಲ್ಲ. ಬೆಂಕಿ ಕಾರುತ್ತ ಬಂದು 1780ರಲ್ಲಿ ಪೊಳ್ಳಿಲೂರಿನ ಬಂಡಿಗಳ ನಡುವೆ ಬಿದ್ದ ರಾಕೆಟ್ಟುಗಳೂ ಗುರಿ ನೋಡಿ ಬಿದ್ದವಲ್ಲ. ಸೈನ್ಯದ ಹಿಂದೆ ಬರುತ್ತಿದ್ದ ಅಡುಗೆಯವರು, ಹೆಂಗಸರು, ಮಕ್ಕಳು ಯಾರ ಕಲ್ಲಿನಲ್ಲೂ ಇಲ್ಲ. ದೂರ ಹೆಚ್ಚಿದಷ್ಟೂ ಆ ತುದಿ ಕಾಣದಾಗುವುದು ಆಗಲೇ ಶುರುವಾಗಿತ್ತು. ನಮ್ಮ ಕಾಲಕ್ಕೆ ಅದು ಪೂರ್ತಿಯಾಯಿತು.

ಕೆಲವು ವರ್ಷಗಳಲ್ಲಿ ನಾನು ಆ ಕೆಲಸ ಬಿಟ್ಟೆ. ವಿರೋಧದಿಂದ ಬಿಟ್ಟೆ ಎಂದರೆ ಸುಳ್ಳಾದೀತು. ಅಮ್ಮ ಹಾಸಿಗೆ ಹಿಡಿದಿದ್ದಳು, ಊರಿಗೆ ಬರಬೇಕಾಯಿತು. ಆಮೇಲೆ ಕಾಲೇಜಿನಲ್ಲಿ ಭೌತವಿಜ್ಞಾನ ಹೇಳಿದೆ. ಎಸೆದ ಕಲ್ಲಿನ ಪಾಠಕ್ಕೆ ಮಕ್ಕಳನ್ನು ಬಯಲಿಗೆ ಕರೆದೊಯ್ಯುವ ಆಸೆಯಿತ್ತು. ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ, ಬಯಲೂ ಉಳಿಯಲಿಲ್ಲ. ನಾವು ಗೂಟ ನೆಟ್ಟ ಗದ್ದೆಯಲ್ಲಿ ಈಗ ಬಡಾವಣೆ ಎದ್ದಿದೆ. ಸೊರಬದ ದಾರಿಯಲ್ಲಿ ಭತ್ತ ಬೆಳೆಯುತ್ತಿದ್ದ ಎಷ್ಟೋ ಗದ್ದೆ ಅಡಿಕೆ ತೋಟವಾಗಿದೆ, ಜೋಳ ಬಂದಿದೆ. ಅಜ್ಜಿಮನೆ ಮಾರಿ ಹೋಯಿತು. ದಾರಿಯ ವೀರಗಲ್ಲು ಇದೆ, ರಸ್ತೆ ಅಗಲ ಮಾಡಿದಾಗ ಪಕ್ಕಕ್ಕೆ ಸರಿಸಿ ನಿಲ್ಲಿಸಿದ್ದಾರೆ.

2025ರ ಮೇ ತಿಂಗಳಲ್ಲಿ ಭಾರತ, ಪಾಕಿಸ್ತಾನಗಳ ನಡುವೆ ಕ್ಷಿಪಣಿ, ಡ್ರೋನುಗಳು ಹಾರಿದ ಆ ಕೆಲವು ದಿನ ಯಾವ ಮನೆಯಲ್ಲೂ ಟಿವಿ ಆರಲಿಲ್ಲ. ಪರದೆಯ ಮೇಲೆ ಕೆಂಪು ಕಮಾನುಗಳು ಒಂದು ಊರಿನಿಂದ ಇನ್ನೊಂದು ಊರಿಗೆ ಹಾರುತ್ತಿದ್ದವು, ಕೆಳಗೆ ಸಂಗೀತ. ಕಮಾನು ಬಿಡಿಸಿದವರು ಗಾಳಿಯ ಲೆಕ್ಕ ಸೇರಿಸಿಲ್ಲ ಎಂದು ನನಗೆ ನೋಡಿದ ಕೂಡಲೇ ತಿಳಿಯಿತು. ತಂಗಿಯ ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳ ತರಗತಿಗೆ ಒಂದು ಪ್ರಾಜೆಕ್ಟ್ ಬೇಕಿತ್ತು; ಕ್ಷಿಪಣಿಯ ಪಥವನ್ನೇ ಆರಿಸಿಕೊಂಡಿದ್ದಳು. ಪೈಥಾನಿನಲ್ಲಿ ಒಂದು ಮಧ್ಯಾಹ್ನದಲ್ಲಿ ಬರೆದು ಮುಗಿಸಿದ್ದಳು. ನಾವು ತಿಂಗಳುಗಟ್ಟಲೆ ತಿದ್ದಿದ ರುಂಗೆ ಕುಟ್ಟಾ ಅವಳಿಗೆ ಒಂದು ಸಾಲಿನ ಆಜ್ಞೆ. "ದೊಡ್ಡಮ್ಮಾ, ಸರಿ ಇದ್ಯಾ ನೋಡಿ," ಎಂದು ಲ್ಯಾಪ್‌ಟಾಪ್ ತಂದಿಟ್ಟಳು.

"ಶಿಕಾರಿಪುರ ಹಾಕೇ. ಅಲ್ಲಿಂದ ಸೊರಬಕ್ಕೆ," ಅಂದೆ.

ಹಾಕಿದಳು. 78 ಸೆಕೆಂಡು ಬಂತು. ಆದರೆ ಅವಳ ಪ್ರೋಗ್ರಾಮು ನನ್ನದರ ಹಾಗೆ ಅಂಕಿಯ ಮೇಲೆ ನಿಲ್ಲಲಿಲ್ಲ. ಕಮಾನು ಇಳಿದದ್ದು ಉಪಗ್ರಹದಿಂದ ತೆಗೆದ ನಕ್ಷೆಯ ಮೇಲೆ. ಅವಳು ಬೆರಳಿನಿಂದ ಹಿಗ್ಗಿಸಿದಳು. ಹೆಂಚಿನ ಮಾಡು, ತಗಡಿನ ಮಾಡು, ಅಂಗಳದಲ್ಲಿ ಒಣಹಾಕಿದ ಅಡಿಕೆಯ ಕಂದು ಚೌಕ, ನಿಂತ ಒಂದು ಬಸ್ಸು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

"ಇಲ್ಲಿ ಯಾರ್ಯಾರು ಇರ್ತಾರೆ ಅಂತ ಇದರಲ್ಲಿ ಹೇಳೋಕಾಗುತ್ತಾ?" ಎಂದು ಕೇಳಿದೆ.

"ಹೆಸರೆಲ್ಲ ಸಿಗಲ್ಲ ದೊಡ್ಡಮ್ಮ. ಊರಿನ ಜನಸಂಖ್ಯೆ ಸಿಗುತ್ತೆ, ಜನಗಣತಿ ಪಟ್ಟಿ ಇದೆ. ಮನೆ ಎಷ್ಟು, ಶಾಲೆ ಎಲ್ಲಿ, ಆಸ್ಪತ್ರೆ ಎಲ್ಲಿ ಅಂತ ನಕ್ಷೆಯಿಂದ ತೆಗೀಬಹುದು."

ನಾನು ಅವಳಿಗೆ ಗಣಿತದ ಮೇಷ್ಟ್ರ ಕತೆ ಹೇಳಿದೆ. ಬದು ಹತ್ತಿ ನೋಡಿ ಬರುತ್ತಿದ್ದ ಹುಡುಗನ ಕತೆ, ಆ ಮುದುಕಿಗಾಗಿ ಪಾಠ ನಿಂತ ಕತೆ. ಅವಳು ಕೇಳಿಸಿಕೊಂಡು ಸುಮ್ಮನೆ ಟೈಪ್ ಮಾಡಲು ಕುಳಿತಳು. ಎತ್ತರ ಸೊನ್ನೆಯಾದ ಮೇಲೆ ಪ್ರೋಗ್ರಾಮು ಇನ್ನೂ ಸ್ವಲ್ಪ ಹೊತ್ತು ಓಡುವ ಹಾಗೆ ಒಂದು ಭಾಗ ಸೇರಿಸಿದಳು. ಬಿದ್ದ ಜಾಗದ ಸುತ್ತ ವೃತ್ತ ಎಳೆದು, ಅದರೊಳಗಿನದೂ ಅದರ ಹೊರಗಿನದೂ ಎರಡು ಪಟ್ಟಿ: ಎಷ್ಟು ಮನೆ, ಯಾವ ಶಾಲೆ, ಯಾವ ಓಣಿ. ಪ್ರೋಗ್ರಾಮು ಮೊದಲು ಪಟ್ಟಿ ತೋರಿಸುತ್ತದೆ, ಆಮೇಲೆ ಉಡಾಯಿಸಲೇ ಎಂದು ಕೇಳುತ್ತದೆ. ನಕ್ಷೆಯಲ್ಲಿ ಹೆಸರಿಲ್ಲದ ಓಣಿಗಳಿಗೆ ನಾನು ಹೆಸರು ಹೇಳಿದೆ, ಅವಳು ತುಂಬಿದಳು. ಕೆಲವು ಹೆಸರು ಈಗ ಅಲ್ಲಿಯವರಿಗೂ ನೆನಪಿರಲಿಕ್ಕಿಲ್ಲ.

ಬರುವ ವಾರ ಅವಳು ಅದನ್ನು ಕಾಲೇಜಿನಲ್ಲಿ ತೋರಿಸಬೇಕು. ಅಲ್ಲಿನ ಮೇಷ್ಟ್ರು ಮೊದಲೇ ನೋಡಿ, ಪಥದ ಲೆಕ್ಕ ಚೆನ್ನಾಗಿದೆ, ಕೊನೆಯ ಭಾಗ ವಿಷಯಕ್ಕೆ ಸೇರಿದ್ದಲ್ಲ, ತೆಗೆದುಬಿಡು ಎಂದಿದ್ದಾರಂತೆ. ಏನು ಮಾಡಲಿ ಎಂದು ಫೋನಿನಲ್ಲಿ ಕೇಳಿದಳು. ತೆಗೆಯಬೇಡ ಎಂದಿದ್ದೇನೆ.